ವಿದ್ಯಾರ್ಥಿ ನಿಲಯ (ಕರ್ನಾಟಕ)

ವಿದ್ಯಾರ್ಥಿ ನಿಲಯವು ಊರು ಬಿಟ್ಟು ಓದಲು ಬಂದ ವಿದ್ಯಾರ್ಥಿಗಳು ವ್ಯಾಸಂಗದ ಅವಧಿಯಲ್ಲಿ ಒಟ್ಟಾಗಿ ವಾಸಿಸುವ ವಸತಿಗೃಹ. ಆಡುಮಾತಿನಲ್ಲಿ ಇದು ಹಾಸ್ಟೆಲ್. ಮಠಗಳು ನಡೆಸುವ ನಿಲಯಗಳಿಗೆ ಪ್ರಸಾದ ನಿಲಯ ಎಂಬ ಹೆಸರೂ ಉಂಟು. ಕರ್ನಾಟಕದಲ್ಲಿ ಹಳ್ಳಿಯ ಬಡ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಬಹುಮಟ್ಟಿಗೆ ಇವುಗಳ ಆಸರೆಯಿಂದ.

ಹಿನ್ನೆಲೆ

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜುಗಳು ಆರಂಭದಲ್ಲಿ ಮೈಸೂರು ಮತ್ತು ಬೆಂಗಳೂರು ನಗರಗಳಿಗೆ ಸೀಮಿತವಾಗಿದ್ದವು. ದೂರದ ಊರುಗಳಿಂದ ಬಂದವರಿಗೆ ಓದಿಗಿಂತ ಮೊದಲು ಎದುರಾಗುತ್ತಿದ್ದುದು ಅನ್ನದ ಪ್ರಶ್ನೆ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ಇತ್ತು: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಇತರ ಜಾತಿಗಳವರಿಗೆ ಆ ಬಾಗಿಲು ತೆರೆದಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಬಾಡಿಗೆಗೆ ಕೋಣೆ ಸಿಗುವುದೇ ದುರ್ಲಭವಾಗಿತ್ತು.

ಈ ಕೊರತೆಯನ್ನು ತುಂಬಲು ಸಮುದಾಯದ ಸಂಘಗಳೂ ಮಠಗಳೂ ನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠ ಮತ್ತು ತುಮಕೂರಿನ ಸಿದ್ಧಗಂಗಾ ಮಠದ ಉಚಿತ ಪ್ರಸಾದ ನಿಲಯಗಳು ಪ್ರಸಿದ್ಧವಾದವು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿ ಮತಗಳ ಮಕ್ಕಳಿಗೂ ಪ್ರವೇಶವಿದೆ. 1970ರ ದಶಕದಲ್ಲಿ, ದೇವರಾಜ ಅರಸು ಅವರ ಆಡಳಿತಕಾಲದಲ್ಲಿ, ಹಿಂದುಳಿದ ವರ್ಗಗಳ ಸರ್ಕಾರಿ ನಿಲಯಗಳ ವಿಸ್ತರಣೆಗೆ ಒತ್ತು ದೊರೆಯಿತು. ದಲಿತ ವಿದ್ಯಾರ್ಥಿಗಳ ಹಾಸ್ಟೆಲ್ ಜೀವನದ ಚಿತ್ರಣ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿದೆ, ಹಸಿವಿನ ಪ್ರಸಂಗಗಳನ್ನೂ ಅವರು ನಗುನಗುತ್ತಲೇ ಹೇಳುತ್ತಾರೆ.

ಊಟದ ಲೆಕ್ಕ

ವಿಶ್ವವಿದ್ಯಾನಿಲಯದ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಕೋಣೆಯ ಬಾಡಿಗೆ ಅಲ್ಪ; ಹೊರೆಯಾಗುವುದು ಮೆಸ್ ಬಿಲ್ಲು. ದಿನಸಿ, ತರಕಾರಿ, ಹಾಲು, ಗ್ಯಾಸ್ ಇವುಗಳ ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಉಂಡ ದಿನಗಳಿಗೆ ಅನುಗುಣವಾಗಿ ತಲೆಗಿಷ್ಟೆಂದು ಹಂಚುವ ಕ್ರಮ ಅನೇಕ ಕಡೆ ಇದೆ. ಊರಿಗೆ ಹೋಗುವವರು ಮುಂಚಿತವಾಗಿ ಬರೆದುಕೊಟ್ಟರೆ ಆ ದಿನಗಳ ಮೊತ್ತ ಕಡಿತವಾಗುತ್ತದೆ. ಲೆಕ್ಕದ ಮೇಲೆ ಕಣ್ಣಿಡಲು ವಿದ್ಯಾರ್ಥಿಗಳದೇ ಸಮಿತಿ ಇರುವುದುಂಟು. ವಿದ್ಯಾರ್ಥಿವೇತನ ತಡವಾದರೆ ಬಾಕಿ ಬೆಳೆಯುತ್ತದೆ. ಬಾಕಿದಾರರ ಹೆಸರನ್ನು ಸೂಚನಾ ಫಲಕದಲ್ಲಿ ಅಂಟಿಸುವ ರೂಢಿ ಕೆಲವೆಡೆ ಇದೆ. ಅದರಿಂದಾಗುವ ಅವಮಾನಕ್ಕೆ ಅಂಜಿ ಊಟವನ್ನೇ ಬಿಡುವವರೂ ಇಲ್ಲದಿಲ್ಲ.

ಸರ್ಕಾರದ ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನಿಲಯಗಳಲ್ಲಿ ಊಟ ವಸತಿ ಉಚಿತ. ಮುದ್ದೆಯೋ ಜೋಳದ ರೊಟ್ಟಿಯೋ ಎಂಬುದನ್ನು ಸೀಮೆ ನಿರ್ಧರಿಸುತ್ತದೆ.

ನಿಯಮ ಮತ್ತು ರೂಢಿ

ಪ್ರವೇಶ ದೊರೆಯದ ಊರಿನ ಗೆಳೆಯನನ್ನು ಕೋಣೆಯಲ್ಲಿ ಇರಿಸಿಕೊಳ್ಳುವುದು ನಿಯಮಬಾಹಿರ. ಆದರೂ ಇದು ಹಿಂದಿನಿಂದ ನಡೆದು ಬಂದಿದೆ. ಎಷ್ಟೋ ನಿಲಯಪಾಲಕರು ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ವಿದ್ಯಾರ್ಥಿನಿಯರ ನಿಲಯಗಳ ಗೇಟು ಸಾಮಾನ್ಯವಾಗಿ ಹುಡುಗರದಕ್ಕಿಂತ ಬೇಗ ಮುಚ್ಚುತ್ತದೆ. ಗ್ರಂಥಾಲಯ ತೆರೆದಿರುವಾಗಲೇ ಅವರು ಹಿಂದಿರುಗಬೇಕಾಗುವುದು ನ್ಯಾಯವಾದ ದೂರು. ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮಾವಳಿ ರೂಪಿಸಿತು.

ನಿಲಯಗಳಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರವು 2013–14ರಲ್ಲಿ ವಿದ್ಯಾಸಿರಿ ಯೋಜನೆಯನ್ನು ಆರಂಭಿಸಿತು. ಇದರಂತೆ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಗಳನ್ನು ವರ್ಷದಲ್ಲಿ 10 ತಿಂಗಳ ಕಾಲ ನೀಡಲು ನಿಗದಿಪಡಿಸಲಾಯಿತು.