ರಹೀಮ್ ಮಾಸ್ತರರ ಎಡಗಾಲಿನ ಪಾಠ

2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ಕಣ್ಣು ಮುಚ್ಚಿದರು. ಹೆಸರು ಸೈಯದ್ ಶಾಹಿದ್ ಹಕೀಂ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತದ ಫುಟ್‌ಬಾಲ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು. ಫಿಫಾ ಮಾನ್ಯತೆ ಪಡೆದ ರೆಫರಿ, 2017ರ ಧ್ಯಾನ್‌ಚಂದ್ ಪ್ರಶಸ್ತಿಯೂ ಅವರದು. ಇಷ್ಟೆಲ್ಲ ಇದ್ದರೂ ಪತ್ರಿಕೆಗಳು ಅವರನ್ನು ಮೊದಲು ಗುರುತಿಸಿದ್ದು ತಂದೆಯ ಹೆಸರಿನಿಂದ: ರಹೀಮ್ ಸಾಹೇಬರ ಮಗ.

ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಸೈಯದ್ ಅಬ್ದುಲ್ ರಹೀಮ್ ಎಂದರೆ ಸೇಡಂ, ಚಿತ್ತಾಪುರದ ಕಡೆಯ ಇಂದಿನ ಹುಡುಗರಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಆದರೆ ಅವರು ಹೊರಗಿನವರೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಹೈದರಾಬಾದ್ ರಾಜ್ಯದ ಊರುಗಳು. ಕಚೇರಿಯ ಕಾಗದ ಉರ್ದುವಿನಲ್ಲಿ, ದೊಡ್ಡ ಓದು ಬೇಕೆಂದರೆ ಹೈದರಾಬಾದಿನಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಆ ಗಾಡಿ ಇಂದಿಗೂ ಓಡುತ್ತದೆ. ರೈಲಿಲ್ಲದ ಚಿಂಚೋಳಿಯವರು ತಾಂಡೂರಿಗೆ ಬಂದು ಅದನ್ನು ಹಿಡಿಯುತ್ತಾರೆ. ಆಸ್ಪತ್ರೆಗೆ, ಕೋರ್ಟಿಗೆ, ಮದುವೆ ಜವಳಿಗೆ, ಕಾಲೇಜಿಗೆ ನಮ್ಮ ಅಜ್ಜಂದಿರು ಹೋಗುತ್ತಿದ್ದದ್ದು ಆ ಗಾಡಿಯ ಕೊನೆಯ ನಿಲ್ದಾಣಕ್ಕೆ. ರಹೀಮರ ಮೈದಾನ ಇದ್ದದ್ದೂ ಆ ಹೈದರಾಬಾದಿನಲ್ಲೇ.

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು. ಓದಿದ್ದು ಸಿಟಿ ಕಾಲೇಜು ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಆಡಿದ್ದು ಉಸ್ಮಾನಿಯಾ ತಂಡಕ್ಕೆ. ಹೊಟ್ಟೆಪಾಡಿಗೆ ಹಿಡಿದದ್ದು ಶಾಲಾ ಮಾಸ್ತರಿಕೆ. ಕಾಚಿಗುಡ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡಿದರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಆಟೋಟಗಳ ಹೊಣೆ ಹೊತ್ತರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವರೊಬ್ಬ ಡ್ರಿಲ್ ಮಾಸ್ತರ್.

ಡ್ರಿಲ್ ಮಾಸ್ತರ್ ಅಂದರೆ ಸೀಟಿ ಊದುವವನು, ಪ್ರಾರ್ಥನೆಗೆ ಸಾಲು ನಿಲ್ಲಿಸುವವನು, ಆಗಸ್ಟ್ 15ಕ್ಕೆ ಕವಾಯತು ಮಾಡಿಸುವವನು ಎಂದಷ್ಟೇ ನಾವು ತಿಳಿದುಕೊಂಡುಬಿಟ್ಟಿದ್ದೇವೆ. ಗಣಿತದ ಪೋರ್ಷನ್ ಉಳಿದರೆ ಮೊದಲು ಕೈಬಿಟ್ಟುಹೋಗುವುದು ಅವನ ಪಿರಿಯಡ್ಡು. ಆದರೆ ರಹೀಮರ ಕಾಲಕ್ಕೇ ಬೇರೆ ದೇಶಗಳಲ್ಲಿ ಈ ಮಾಸ್ತರಿಕೆಗೆ ದೊಡ್ಡ ಮರ್ಯಾದೆ ಇತ್ತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬಾತ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದುಕೊಂಡು ಹೋದವನೂ ಬಕ್. ಆಟವನ್ನು ಶಾಸ್ತ್ರದಂತೆ ಕಲಿಸಬಹುದು, ಅದಕ್ಕೂ ಮಾಸ್ತರರನ್ನು ತಯಾರು ಮಾಡಬೇಕು ಎಂಬ ವಿಚಾರ ದಕ್ಷಿಣ ಭಾರತದ ಶಾಲೆಗಳಲ್ಲಿ ಬೇರು ಬಿಟ್ಟದ್ದು ಹೀಗೆ. ರಹೀಮ್ ಆ ಕಾಲದ ಮನುಷ್ಯ.

1940ರ ದಶಕದ ಆರಂಭದಲ್ಲಿ ರಹೀಮ್ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯ ಉಸಿರಿನವರೆಗೂ ಆ ಕುರ್ಚಿ ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಹೊಸ ಕೋಚ್ ಬಂದ ವರ್ಷವೇ ಆ ಪೊಲೀಸರು ಡುರಾಂಡ್ ಕಪ್ ಫೈನಲಿನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನನ್ನು ಸೋಲಿಸಿದರು. ಬೊಂಬಾಯಿಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಸತತ 5 ವರ್ಷ ಬೇರೆಯವರ ಕೈಗೆ ಕೊಡಲಿಲ್ಲ. ಇದೇ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಿದ್ದರು. ಫುಟ್‌ಬಾಲ್ ಎಂದರೆ ಬಂಗಾಳ ಎಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ದಖ್ಖನ್ನಿನ ಎರಡು ನಗರಗಳು ಆ ನಂಬಿಕೆಯನ್ನು ಅಲ್ಲಾಡಿಸಿದವು ಎನ್ನುವುದನ್ನು ನಮ್ಮ ಕ್ರೀಡಾ ಚರಿತ್ರೆ ಇನ್ನೂ ಗಟ್ಟಿಯಾಗಿ ಹೇಳಬೇಕು.

ಅವರು ಕಲಿಸಿದ್ದು ಹೇಗೆ? ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಬರಿಗಾಲಲ್ಲಿ ಬೆಳೆದ ಹುಡುಗನಿಗೆ ಚೆಂಡು ಸಿಕ್ಕರೆ ಮೊದಲ ಆಸೆ ಒಂದೇ: ಒಬ್ಬನನ್ನು ದಾಟಿಸು, ಇಬ್ಬರನ್ನು ದಾಟಿಸು, ನೋಡುವವರು ಸೀಟಿ ಹೊಡೆಯಲಿ. ರಹೀಮ್ ಅದಕ್ಕೆ ಮದ್ದು ಹುಡುಕಿದರು. ಡ್ರಿಬ್ಲಿಂಗ್ ಇಲ್ಲದ ಟೂರ್ನಿಗಳನ್ನೇ ನಡೆಸಿದರು. ಅಲ್ಲಿ ಚೆಂಡು ಬಂದೊಡನೆ ಜೊತೆಗಾರನಿಗೆ ಕೊಡಬೇಕು. ಕೊಡಬೇಕೆಂದರೆ ಚೆಂಡು ಕಾಲಿಗೆ ಬರುವ ಮೊದಲೇ ತಲೆ ಎತ್ತಿ ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಂಡಿರಬೇಕು. ಕೊಟ್ಟ ಮೇಲೆ ನಿಲ್ಲುವಂತಿಲ್ಲ, ಮತ್ತೆ ಸಿಗುವ ಜಾಗಕ್ಕೆ ಓಡಬೇಕು. ಇನ್ನೊಂದು ಬಗೆಯ ಟೂರ್ನಿಯಲ್ಲಿ ದುರ್ಬಲ ಕಾಲಿನಿಂದಲೇ ಆಡಬೇಕಿತ್ತು. ಬಲಗಾಲಿನವನಿಗೆ ಎಡಗಾಲೇ ಗತಿ. ಮೊದಲ ದಿನ ಚೆಂಡು ಹೇಳಿದ ಮಾತು ಕೇಳುವುದಿಲ್ಲ. ಪಾದದ ಒಳಬದಿಗೆ ತಾಗಬೇಕಾದದ್ದು ಹೆಬ್ಬೆರಳಿಗೆ ತಾಗಿ ಗೆರೆಯಾಚೆ ಉರುಳುತ್ತದೆ. ಮೈಭಾರವನ್ನು ಬಲಗಾಲ ಮೇಲೆ ಹಾಕಿ ನಿಲ್ಲುವುದನ್ನು ದೇಹ ಹೊಸದಾಗಿ ಕಲಿಯಬೇಕಾಗುತ್ತದೆ. ವಾರಗಳು ಕಳೆದ ಮೇಲೆ ಆ ಕಾಲಿಗೂ ಬುದ್ಧಿ ಬರುತ್ತದೆ. ಆಗ ಎದುರಾಳಿಗೆ ಇವನು ಎತ್ತ ತಿರುಗುತ್ತಾನೆಂಬುದೇ ತಿಳಿಯುವುದಿಲ್ಲ. ಖರ್ಚು? ಒಂದು ಚೆಂಡು, ಒಂದು ಬಯಲು. ಶಹಾಬಾದಿನ ಪರಸಿಕಲ್ಲಿನ ನೆಲದ ಮೇಲಾಗಲಿ, ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಮೆತ್ತುವ ಸೇಡಂನ ಎರೆ ಮಣ್ಣಿನಲ್ಲಾಗಲಿ ನಾಳೆಯೇ ಶುರು ಮಾಡಬಹುದಾದ ಪಾಠ ಇದು.

ಚೆಂಡಿನ ಪಾಠದಷ್ಟೇ ಮುಖ್ಯವಾಗಿ ಅವರಿಗೆ ಹುಡುಗರ ಮನೆಯ ಕಷ್ಟವೂ ಗೊತ್ತಿತ್ತು. ತುಳಸಿದಾಸ್ ಬಲರಾಮ್ ಸಿಕಂದರಾಬಾದಿನ ಹೊರಗಿನ ಬಡ ಕುಟುಂಬದ ಹುಡುಗ. ಆತನ ಆಟ ನೋಡಿದ ರಹೀಮ್ ನಗರಕ್ಕೆ ಬಂದು ಅಭ್ಯಾಸ ಮಾಡಲು ಹೇಳಿದರು. ಅಷ್ಟು ದೂರ ದಿನವೂ ಬರಲು ಹುಡುಗನ ಹತ್ತಿರ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಮ್ ತಮ್ಮ ಜೇಬಿನಿಂದ ಹಣ ಕೊಟ್ಟರು. ಬಲರಾಮ್ ಆ ಸೈಕಲ್ ತುಳಿದು ಬಂದರು, ಅಲ್ಲಿಂದ ಮುಂದೆ ಎರಡು ಒಲಿಂಪಿಕ್ಸ್ ಆಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಗುರುವಿನ ಆ ಉಪಕಾರವನ್ನು ಅವರು ಮರೆಯಲಿಲ್ಲ.

ಸೋಲೂ ರಹೀಮರಿಗೆ ಪಾಠವೇ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಇರಾನನ್ನು ಸೋಲಿಸಿ ಚಿನ್ನ ಗೆದ್ದಾಗ ಕೋಚ್ ರಹೀಮ್. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅದೇ ಭಾರತ ಯುಗೊಸ್ಲಾವಿಯಾದ ಕೈಯಲ್ಲಿ 10-1ರಿಂದ ಸೋತಿತು. ಆ ಚಳಿಯಲ್ಲಿ ನಮ್ಮವರು ಹಲವರು ಬರಿಗಾಲಲ್ಲೇ ಆಡಿದ್ದರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಅದೇ ಹೆಲ್ಸಿಂಕಿಯಲ್ಲಿ ಹಂಗೇರಿ ಚಿನ್ನ ಗೆದ್ದಿತ್ತು. ಅವರ ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದ, ಅವನನ್ನು ಹಿಂಬಾಲಿಸಿ ಎದುರಾಳಿ ರಕ್ಷಕ ಜಾಗ ಬಿಟ್ಟರೆ ಆ ಸಂದಿಯಲ್ಲಿ ಉಳಿದವರು ನುಗ್ಗುತ್ತಿದ್ದರು. ರಹೀಮ್ ಅದನ್ನು ಮನಸ್ಸಿಗೆ ಹಾಕಿಕೊಂಡರು. ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವೂ ಹಾಗೆಯೇ ಆಡಿತು.

1956ರ ಆ ಚಳಿಗಾಲ ನಮ್ಮ ಭಾಗಕ್ಕೆ ಮರೆಯಲಾಗದ್ದು. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ, ಮರಾಠಿಯವು ಬೊಂಬಾಯಿಗೆ, ತೆಲುಗಿನವು ಆಂಧ್ರಕ್ಕೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಏಷ್ಯನ್ ಅವರೇ. ಅಜೀಜ್, ನೂರ್ ಮೊಹಮ್ಮದ್, ಅಹ್ಮದ್ ಹುಸೇನ್, ಜುಲ್ಫಿಕರ್, ಬಲರಾಮ್: ತಂಡದ ತುಂಬ ಹೈದರಾಬಾದಿನ ಹುಡುಗರು. ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ನೆಲದ ಮೇಲೆ ಗೆರೆ ಎಳೆದು ಬೇರೆ ಮಾಡಿದ ರಾಜ್ಯಗಳ ಮಕ್ಕಳು ಒಬ್ಬ ಮಾಸ್ತರರ ಕೈಕೆಳಗೆ ಒಟ್ಟಾಗಿ ಆಡಿದರು. ಸೆಮಿಫೈನಲಿನಲ್ಲಿ ಯುಗೊಸ್ಲಾವಿಯಾದ ಎದುರು ಮೊದಲ ಗೋಲು ಹೊಡೆದದ್ದು ಭಾರತವೇ, ಕೊನೆಗೆ 4-1ರಿಂದ ಸೋತರು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಗೆದ್ದಿತು. ಸಿಕ್ಕದ್ದು ನಾಲ್ಕನೆಯ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಎಂದೂ ಏರಿಲ್ಲ.

1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಮಗ ಹಕೀಂ ಕೂಡ ಇದ್ದರು. ಹಂಗೇರಿಯ ಎದುರು 2-1ರ ಸೋಲು, ಫ್ರಾನ್ಸ್ ಜೊತೆ 1-1ರ ಸಮ, ಪೆರುವಿನ ಎದುರು 3-1ರ ಸೋಲು. ಮೂರರಲ್ಲಿ ಒಂದು ಪಂದ್ಯದಲ್ಲೂ ಹಕೀಂ ಕಣಕ್ಕಿಳಿಯಲಿಲ್ಲ. ಕೋಚ್ ಆಗಿದ್ದ ತಂದೆ ಮಗನನ್ನು ಬೆಂಚಿನ ಮೇಲೆಯೇ ಕೂಡಿಸಿದರು.

ಎರಡು ವರ್ಷದ ನಂತರ ಜಕಾರ್ತದ ಏಷ್ಯನ್ ಕ್ರೀಡಾಕೂಟ. ಅಷ್ಟರಲ್ಲಿ ರಹೀಮರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹತ್ತಿತ್ತು. ಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಥಾಯ್ಲೆಂಡ್ ಮತ್ತು ಜಪಾನ್ ಎದುರು ಗೆಲುವು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡಿದ್ದರು. ಬೇರೆ ಕೋಚ್ ಆಗಿದ್ದರೆ ಅವರನ್ನು ಕೈಬಿಡುತ್ತಿದ್ದ. ರಹೀಮ್ ಆ ಬ್ಯಾಕ್ ಆಟಗಾರನನ್ನು ಸೆಂಟರ್ ಫಾರ್ವರ್ಡ್ ಮಾಡಿ ಸೆಮಿಫೈನಲಿಗೆ ಇಳಿಸಿದರು. ದಕ್ಷಿಣ ವಿಯೆಟ್ನಾಂ ಎದುರು ಜರ್ನೈಲ್ ಗೋಲು ಹೊಡೆದರು, ಭಾರತ 3-2ರಿಂದ ಗೆದ್ದಿತು.

ಫೈನಲಿನ ಹೊತ್ತಿಗೆ ಊರೇ ಭಾರತದ ಮೇಲೆ ಸಿಟ್ಟಾಗಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಆ ಕೂಟದಿಂದ ದೂರ ಇಟ್ಟದ್ದನ್ನು ಭಾರತದ ಕ್ರೀಡಾ ಮುಖಂಡ ಜಿ.ಡಿ. ಸೋಂಧಿ ವಿರೋಧಿಸಿದ್ದೇ ಕಾರಣ. ಜನ ಭಾರತೀಯ ರಾಯಭಾರ ಕಚೇರಿಗೆ ನುಗ್ಗಿದ್ದರು. ಆ ಗದ್ದಲದ ನಡುವೆ, ಪಂದ್ಯದ ಹಿಂದಿನ ರಾತ್ರಿ ರಹೀಮ್ ತಮ್ಮ ಹುಡುಗರ ಹತ್ತಿರ ಒಂದು ಕಾಣಿಕೆ ಕೇಳಿದರು, ಚಿನ್ನದ ಪದಕ. ಆ ತಂಡದಲ್ಲಿದ್ದ ಪಿ.ಕೆ. ಬ್ಯಾನರ್ಜಿ ಇದನ್ನು ಮುಂದೆ ಎಷ್ಟೋ ಸಲ ನೆನಪಿಸಿಕೊಂಡರು.

1962ರ ಸೆಪ್ಟೆಂಬರ್ 4. ಸೇನಾಯನ್ ಕ್ರೀಡಾಂಗಣದಲ್ಲಿ ಲಕ್ಷದಷ್ಟು ಜನ, ಭಾರತದ ಹೆಸರೆತ್ತಿದರೆ ಕೂಗಾಟ. ಭಾರತದ ಪರವಾಗಿ ದನಿ ಎತ್ತಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರು. ಎದುರು ಮತ್ತೆ ಅದೇ ದಕ್ಷಿಣ ಕೊರಿಯಾ. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷದಲ್ಲಿ ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್. ಕೊರಿಯಾ ಒಂದು ಗೋಲು ತೀರಿಸಿತು, ಗೋಲ್‌ಕೀಪರ್ ತಂಗರಾಜ್ ಎರಡನೆಯದಕ್ಕೆ ಬಿಡಲಿಲ್ಲ. 2-1. ಚುನಿ ಗೋಸ್ವಾಮಿ ನಾಯಕತ್ವದ ತಂಡ ಚಿನ್ನ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಆ ಬಳಿಕ ಭಾರತಕ್ಕೆ ಚಿನ್ನ ಬಂದಿಲ್ಲ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ವಯಸ್ಸು 53. ಗುರುಗಳನ್ನು ಗೌರವಿಸುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾಗುವುದಕ್ಕೆ ಇನ್ನೂ 22 ವರ್ಷ ಇತ್ತು.

ಮಗ ಹಕೀಂ ತಂದೆಯ ದಾರಿಯನ್ನೇ ಹಿಡಿದರು. ಆಡಿದರು, ಕಲಿಸಿದರು, ಸೀಟಿ ಹಿಡಿದು ರೆಫರಿಯಾಗಿ ಓಡಿದರು. 1982ರ ದೆಹಲಿ ಏಷ್ಯನ್ ಕೂಟದಲ್ಲಿ ಪಿ.ಕೆ. ಬ್ಯಾನರ್ಜಿಯವರ ಜೊತೆ ಸಹಾಯಕ ಕೋಚ್ ಆಗಿದ್ದರು. ರಹೀಮರ ಬದುಕನ್ನು ಆಧರಿಸಿದ, ಅಜಯ್ ದೇವಗನ್ ಅಭಿನಯದ ‘ಮೈದಾನ್’ ಹಿಂದಿ ಚಿತ್ರ ತೆರೆಗೆ ಬಂದದ್ದು 2024ರ ಏಪ್ರಿಲಿನಲ್ಲಿ. ಆ ಹೊತ್ತಿಗೆ ಹಕೀಂ ಕಲಬುರಗಿಯಲ್ಲಿ ಕಣ್ಣು ಮುಚ್ಚಿ ಎರಡೂವರೆ ವರ್ಷ ದಾಟಿತ್ತು.