ತಣಿಸುವ ಕರೆಂಟು

ತಲೆಗೆ ಬಿಸಿನೀರು ಸುರಿದುಕೊಂಡಾಗ ಫಿಟ್ಸ್ ಬರುವ ಒಂದು ಬಗೆಯ ಮೂರ್ಛೆರೋಗ ದಕ್ಷಿಣ ಕರ್ನಾಟಕದಲ್ಲಿ ಕಾಣುವಷ್ಟು ಬೇರೆಡೆ ಕಾಣುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದ್ದರು. ನೆತ್ತಿಯ ಮೇಲೆ ಬಿದ್ದದ್ದು ಒಳಗಿನ ನರಜಾಲವನ್ನು ಕೆರಳಿಸಬಲ್ಲದಾದರೆ, ಹೊರಗಿನಿಂದಲೇ ಅದನ್ನು ತಣಿಸಲು ಆಗದೇ? ಬಿಸಿನೀರು ಕೆಲಸ ಮಾಡುವ ದಾರಿ ಬೇರೆ, ಅದು ಸ್ಪರ್ಶ ಮತ್ತು ಶಾಖದ ನರಗಳ ದಾರಿ. ಆದರೂ ಪ್ರಶ್ನೆ ಅಸಂಗತವಲ್ಲ. ತಲೆಬುರುಡೆ ಕೊರೆಯದೆ ಕರೆಂಟು ಹರಿಸುವ ಚಿಕಿತ್ಸೆ ಈ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಿದೆ ಎಂಬುದು ನನ್ನ ವಾದ.

ಜರ್ಮನಿಯ ಗಾಟಿಂಗನ್‌ನಲ್ಲಿ ಸಂಶೋಧಕರಾದ ನಿಚೆ ಮತ್ತು ಪೌಲಸ್ 2000ದಲ್ಲಿ ತೋರಿಸಿದ್ದು ಇಷ್ಟು: ನೆತ್ತಿಯ ಮೇಲಿಟ್ಟ ಒದ್ದೆ ಸ್ಪಂಜಿನ ಮೂಲಕ ಒಂದು ಮಿಲಿಆಂಪಿಯರ್‌ನಷ್ಟು ವಿದ್ಯುತ್ ಹರಿಸಿದರೆ ಕೆಳಗಿನ ನರಕೋಶಗಳ ಉದ್ರೇಕಶೀಲತೆ ಬದಲಾಗುತ್ತದೆ, ಋಣಧ್ರುವದಡಿ ತಗ್ಗುತ್ತದೆ, ಧನಧ್ರುವದಡಿ ಏರುತ್ತದೆ. ‘ತಲೆಗೆ ಕರೆಂಟ್ ಕೊಡೋದು’ ಎಂದರೆ ನಮ್ಮ ಜನ ಬೆಚ್ಚುವುದು ಶಾಕ್ ಚಿಕಿತ್ಸೆಯ ನೆನಪಿನಿಂದ. ಅಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ, ವಿದ್ಯುತ್ತು ನೂರಾರು ಪಟ್ಟು ಹೆಚ್ಚು. ಇಲ್ಲಿ ಹರಿಯುವ ಒಂದೆರಡು ಮಿಲಿಆಂಪಿಯರ್ ಸುಮ್ಮನಿರುವ ಕೋಶವನ್ನು ಸಿಡಿಸಲಾರದು, ಸಿಡಿಯುವ ತವಕವನ್ನು ಹೆಚ್ಚುಕಡಿಮೆ ಮಾಡುತ್ತದೆ ಅಷ್ಟೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಮೃತದೇಹಗಳ ಮೇಲಿನ ಅಳತೆಯೊಂದು, ವಿದ್ಯುತ್ತಿನ ಮುಕ್ಕಾಲು ಪಾಲು ಚರ್ಮ ಮತ್ತು ಮೂಳೆಯಲ್ಲೇ ಕಳೆದುಹೋಗುತ್ತದೆ ಎಂದಿತು. ಆದರೆ ಸಿಡಿಯುವ ಅಂಚಿನಲ್ಲೇ ಇರುವ ಕೋಶಗಳಿಗೆ ಉಳಿದ ಕಾಲು ಭಾಗವೂ ತಾಕಬಹುದು.

ತಾಕುತ್ತದೆ ಎನ್ನಲು ಇಇಜಿಯ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯ, ಸಾಕ್ಷಿ ಇದೆ. 2006ರಲ್ಲಿ ಫ್ರೆಗ್ನಿ ಎಂಬ ಸಂಶೋಧಕರ ತಂಡ 19 ರೋಗಿಗಳ ಇಇಜಿಯಲ್ಲಿ ಮೂರ್ಛೆಯ ಗುರುತಾದ ಚೂಪು ಅಲೆಗಳು ಸ್ಪಷ್ಟವಾಗಿ ತಗ್ಗಿದ್ದನ್ನು ಕಂಡಿತು, ಫಿಟ್ಸ್ ಇಳಿಕೆ ಮಾತ್ರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2013ರಲ್ಲಿ ಥಾಯ್ಲೆಂಡಿನ 36 ಮಕ್ಕಳಲ್ಲೂ ಇದೇ ಕಥೆ. ಒಂದೇ ಸಲದ ಚಿಕಿತ್ಸೆಗೆ ಎರಡು ದಿನ ಇಇಜಿ ಶಾಂತವಾಯಿತು. ತಿಂಗಳಲ್ಲಿ ಫಿಟ್ಸ್ ಇಳಿದದ್ದು ಶೇ. 4.8 ಮಾತ್ರ. ದಿನದಿನವೂ ಕೊಟ್ಟ ಮೆಕ್ಸಿಕೊದ ಪ್ರಯೋಗದಲ್ಲಿ (28 ರೋಗಿಗಳು, 2017) ಇಳಿಕೆ ಅರ್ಧದ ಹತ್ತಿರ ಬಂತು. ಮನುಷ್ಯ ರಸ್ತೆಯಲ್ಲಿ ಬೀಳುವುದು ಫಿಟ್ಸ್‌ನಿಂದ, ಇಇಜಿಯ ಗೆರೆಯಿಂದಲ್ಲ. ಹಾಗಾಗಿ ಎಣಿಸಬೇಕಾದದ್ದು ಫಿಟ್ಸ್‌ಗಳನ್ನೇ, ಅದೂ ತಿಂಗಳುಗಟ್ಟಲೆ, ಹುಸಿ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿ.

ಇಂಥ ಎಣಿಕೆ ನಮ್ಮಲ್ಲೇ ನಡೆಸಲು ರೋಗಿಗಳಿಗೆ ಕೊರತೆಯಿಲ್ಲ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರ ಸಮೀಕ್ಷೆ ನಡೆಸಿದ ನರತಜ್ಞೆ ಗೌರಿದೇವಿ ಅವರ ತಂಡಕ್ಕೆ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ಮಂದಿ ಮೂರ್ಛೆರೋಗಿಗಳು ಸಿಕ್ಕಿದ್ದರು. ಮೊದಲು ಎಲ್ಲರಿಗೂ ಮಾತ್ರೆ ಮುಟ್ಟಲಿ, ಕರೆಂಟು ಆಮೇಲೆ ಎನ್ನುವವರಿಗೆ ಯಳಂದೂರಿನ ಅಧ್ಯಯನದ ಬಲವಿದೆ: ಅಗ್ಗದ ಫಿನೊಬಾರ್ಬಿಟೋನ್ ಮಾತ್ರೆ ಹಳ್ಳಿಯಲ್ಲೂ ಫಿಟ್ಸ್ ಹಿಡಿತಕ್ಕೆ ತರಬಲ್ಲದೆಂದು ಕೆ.ಎಸ್. ಮಣಿ ತಂಡ 2001ರಲ್ಲಿ ತೋರಿಸಿತ್ತು. ಒಪ್ಪೋಣ. ಆದರೆ ಸುಮಾರು ಮೂರನೇ ಒಂದು ಭಾಗದ ರೋಗಿಗಳಿಗೆ ಮಾತ್ರೆ ಸಾಲುವುದಿಲ್ಲ, ಅವರಲ್ಲಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಹೊಂದುವುದೂ ಇಲ್ಲ. ಪ್ರಯೋಗ ನಡೆಯಬೇಕಾದದ್ದು ಅವರಿಗಾಗಿ. ಕೆ.ಆರ್. ಪುರದ ದಿನಗೂಲಿಯವನು ಇಪ್ಪತ್ತು ನಿಮಿಷದ ಚಿಕಿತ್ಸೆಗೆ ದಿನಾ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿಬಂದರೆ ಅಂದಿನ ಕೂಲಿ ಹೋಯಿತು. ಮೂರ್ಛೆರೋಗಿಗೆ ಗಾಡಿ ಓಡಿಸಲು ಕಾನೂನೂ ಬಿಡದು. ಬ್ಯಾಟರಿಯಲ್ಲಿ ನಡೆಯುವ ಈ ಪುಟ್ಟ ಯಂತ್ರವನ್ನು ಶಿವಾಜಿನಗರದ ಬೌರಿಂಗ್‌ನಲ್ಲೋ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಲ್ಲೋ ಇಡಲು ಅಡ್ಡಿಯಿಲ್ಲ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಹಚ್ಚಿಕೊಳ್ಳುವುದು ಮಾತ್ರ ಬೇಡ. ಫಿಟ್ಸ್ ಹುಟ್ಟುವ ಜಾಗವನ್ನು ಇಇಜಿಯಿಂದ ಗುರುತಿಸದೆ, ಧ್ರುವ ಅದಲುಬದಲಾಗಿ ಇಟ್ಟರೆ, ತಣಿಸಬೇಕಾದ ಜಾಗವೇ ಕೆರಳೀತು.