ವಿಹಾರವಾಹನದ ಮೇಲೆ ರೇಡಿಯೋ ಆಂಟೆನ

ಆಂಟೆನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೆಟ್ಟಗೆ ನಿಂತ ಒಂದು ಲೋಹದ ಕಡ್ಡಿ. ವಾಹನಗಳ ಮೇಲಿನ ಆಂಟೆನದಲ್ಲಿ ಅದು ಅರ್ಧಭಾಗ ಮಾತ್ರ; ಉಳಿದರ್ಧ ಬುಡದಲ್ಲಿ ಹರಡಿರುವ ಲೋಹದ ಹಾಸು. ಈ ಎರಡನೆಯ ಅರ್ಧವಿಲ್ಲದಾಗ ಏನಾಗುವುದೆಂಬುದನ್ನು ಅಮೆರಿಕದ ವಿಹಾರವಾಹನಗಳ ಉದಾಹರಣೆಯಿಂದ ಇಲ್ಲಿ ಪರಿಶೀಲಿಸೋಣ. ಮಲಗುವ, ಅಡಿಗೆ ಮಾಡುವ ಅನುಕೂಲಗಳುಳ್ಳ ಈ ವಾಹನಗಳು ಸಂಚಾರಿ ದೂರವಾಣಿ ಎಟುಕದ ಬೆಟ್ಟಗಳಲ್ಲಿಯೂ ಮರುಭೂಮಿಗಳಲ್ಲಿಯೂ ಸಂಚರಿಸುತ್ತವೆ. ಅಂಥಲ್ಲಿ ನೆರವು ಕೋರಲು ಹಲವೊಮ್ಮೆ ಉಳಿಯುವ ಸಾಧನ ರೇಡಿಯೋ ಒಂದೇ.

ಆ ದೇಶದಲ್ಲಿ 27 ಮೆಗಾಹರ್ಟ್ಸ್ ಸಮೀಪದ ಆವೃತ್ತಿಗಳನ್ನು 1958ರಲ್ಲಿ ಸಾಮಾನ್ಯ ನಾಗರಿಕರ ಸಂಭಾಷಣೆಗೆಂದು ಮೀಸಲಿಟ್ಟರು. 1977ರಿಂದ ಇಲ್ಲಿ 40 ಚಾನೆಲುಗಳಿವೆ. ಈ ಆವೃತ್ತಿಯಲ್ಲಿ ತರಂಗದೂರ ಸುಮಾರು 11 ಮೀಟರು. ಅದರ ಕಾಲುಭಾಗದ ಕಡ್ಡಿ 2.75 ಮೀಟರು. ಸುಮಾರು 3.5 ಮೀಟರು ಎತ್ತರದ ವಾಹನದ ಮೇಲೆ ಇದನ್ನು ನಿಲ್ಲಿಸಿದರೆ ತುದಿ 6 ಮೀಟರನ್ನು ದಾಟಿ ಸೇತುವೆಗಳಿಗೆ ತಗಲುವುದು. ಆದಕಾರಣ ತಂತಿಯ ಸುರುಳಿಯೊಂದನ್ನು ಸೇರಿಸಿ ಕಡ್ಡಿಯನ್ನು ಗಿಡ್ಡಗೊಳಿಸುವರು. ಗಿಡ್ಡವಾದಷ್ಟೂ ಅದರ ವಿಕಿರಣಶಕ್ತಿ ಕುಗ್ಗುವುದರಿಂದ ಹಾಸಿನ ಗುಣಕ್ಕೆ ಮಹತ್ವ ಹೆಚ್ಚುತ್ತದೆ.

ಕಾರಿನ ಉಕ್ಕಿನ ಛಾವಣಿಯೇ ಈ ಹಾಸಾಗಬಲ್ಲುದು. ವಿಹಾರವಾಹನದ ಛಾವಣಿಯಾದರೋ ಬಹುಮಟ್ಟಿಗೆ ಫೈಬರ್‌ಗ್ಲಾಸು ಅಥವಾ ಪ್ಲೈವುಡ್ಡಿನ ಮೇಲೆ ಹೊದಿಸಿದ ರಬ್ಬರು. ಆಗ ಕಡ್ಡಿಯ ವಿದ್ಯುತ್ತಿಗೆ ಹಿಂದಿರುಗುವ ತಕ್ಕ ದಾರಿಯಿಲ್ಲದೆ ಅದು ಕೇಬಲಿನ ಹೊರಮೈಯಲ್ಲಿ ಹರಿಯತೊಡಗುತ್ತದೆ. ಶಕ್ತಿಯ ಒಂದಂಶ ಪ್ರತಿಫಲಿಸಿ ಪ್ರೇಷಕದತ್ತ ಮರಳುತ್ತದೆ. ಇದನ್ನು ಸ್ಥಾಯೀ ತರಂಗಗಳ ಅನುಪಾತದಿಂದ ಅಳೆಯುವರು. ಅನುಪಾತ 1.5 ಇದ್ದರೆ ಪ್ರತಿಫಲನ ಶೇಕಡ 4. 3 ಆದರೆ ಶೇಕಡ 25, ಎಂದರೆ 4 ವಾಟುಗಳಲ್ಲಿ 1 ವಾಟು. ಪ್ರೇಷಕದ ಟ್ರಾನ್ಸಿಸ್ಟರು ಕೆಡುವ ಭಯವೂ ಉಂಟು.

ಇದಕ್ಕೆ ಪರಿಹಾರ ಮೂರು ವಿಧ. ಮೊದಲನೆಯದು, ಹಿಂಬದಿಯ ಲೋಹದ ಏಣಿಗೆ ಆಂಟೆನವನ್ನು ಬಿಗಿದು, ಏಣಿಯನ್ನು ಅಗಲವಾದ ತಾಮ್ರದ ಪಟ್ಟಿಯಿಂದ ವಾಹನದ ಚಾಸಿಗೆ ಜೋಡಿಸುವುದು. ಎರಡನೆಯದು, ಛಾವಣಿಯ ಮೇಲೆ ಲೋಹದ ತಗಡು ಹಾಸುವುದು. 27 ಮೆಗಾಹರ್ಟ್ಸಿಗೆ ಬೇಕಾದಷ್ಟು ವಿಸ್ತಾರ ಅಲ್ಲಿಲ್ಲವಾದರೂ, 462 ಮೆಗಾಹರ್ಟ್ಸಿನ ರೇಡಿಯೋಗಳಿಗೆ 16 ಸೆಂಟಿಮೀಟರು ತ್ರಿಜ್ಯದ ತಗಡು ಸಾಕು. ಮೂರನೆಯದು, ಹಾಸನ್ನೇ ಬೇಡದಂತೆ ರಚಿಸಿದ ಆಂಟೆನ. ಇದರಲ್ಲಿ ಕೇಬಲೂ ಆಂಟೆನದ ಅಂಗವೇ ಆದ್ದರಿಂದ ಅದನ್ನು ಕತ್ತರಿಸಬಾರದು.

ಹೊಂದಿಸುವ ಕಾರ್ಯವನ್ನು ಬಯಲಿನಲ್ಲಿ, ಬಾಗಿಲುಗಳನ್ನು ಮುಚ್ಚಿ ನಡೆಸತಕ್ಕದ್ದು. 1ನೆಯ ಚಾನೆಲಿನಲ್ಲಿ ಅನುಪಾತ ಹೆಚ್ಚಿದ್ದರೆ ಕಡ್ಡಿ ಗಿಡ್ಡ. 40ನೆಯದರಲ್ಲಿ ಹೆಚ್ಚಿದ್ದರೆ ಉದ್ದ. ಎರಡರಲ್ಲಿಯೂ ತೀರ ಹೆಚ್ಚಿದ್ದರೆ ಮೊದಲು ಸಂಶಯಿಸಬೇಕಾದುದು ಕಡ್ಡಿಯನ್ನಲ್ಲ, ಹಾಸನ್ನು ಮತ್ತು ಅದರ ಜೋಡಣೆಯನ್ನು. ಅಂಥಲ್ಲಿ ಕಡ್ಡಿಯನ್ನೆಷ್ಟು ಕತ್ತರಿಸಿದರೂ ಫಲವಿಲ್ಲ.

ಛಾವಣಿಯಲ್ಲಿ ರಂಧ್ರ ಕೊರೆದರೆ ನೀರಿಳಿಯದಂತೆ ಮೇಣದಂಥ ಲೇಪದಿಂದ ಭದ್ರವಾಗಿ ಮುಚ್ಚಬೇಕು. ಒಳಗಿನ ಪ್ಲೈವುಡ್ಡು ಕೊಳೆತರೆ ಛಾವಣಿಯೇ ದುರ್ಬಲವಾಗುವುದು. ಮೇಲೆ ಹಾದಿರುವ ವಿದ್ಯುತ್ ತಂತಿಗಳ ಬಳಿ ಆಂಟೆನವನ್ನು ಎತ್ತುವುದು ಪ್ರಾಣಾಪಾಯಕರ.

ಕಾಲೇಜುಗಳಲ್ಲಿ ಕಾಲು ತರಂಗದೂರದ ಆಂಟೆನವನ್ನು ಬೋಧಿಸುವಾಗ ಅದರ ಕೆಳಗೆ ಒಂದು ಅಡ್ಡಗೆರೆಯನ್ನು ಎಳೆದು ನಾವು ಮುಂದೆ ಸಾಗುತ್ತೇವೆ. ಆ ಗೆರೆ ಬರಿಯ ಚಿತ್ರದ ಅಂಚಲ್ಲ, ವಿದ್ಯುತ್ತು ಹರಿಯುವ ನಿಜವಾದ ವಾಹಕವೆಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.